ಸ್ಟೇಷನ್ ತಪ್ಪಿಸುವ ಕಾದಂಬರಿ

ಇಂಗ್ಲೆಂಡಿಗೆ ಒಮ್ಮೆಯೂ ಹೋಗದೆ, ದಿನಕ್ಕೆ ಎರಡು ಸಲ ಅಲ್ಲಿಂದ ವಾಪಸು ಬರುತ್ತಿದ್ದ ಮನುಷ್ಯನನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡುವುದೇನು, ಕುರ್ಲಾದ ಚಾಳೊಂದರಲ್ಲಿ ಅವರ ಜೊತೆ ಒಂದೇ ಖೋಲಿಯಲ್ಲಿ ಎರಡು ವರ್ಷ ಬಾಳಿದ್ದೇನೆ! ಅವರು ನನ್ನ ಸೋದರಮಾವ. ಹೆಸರು ಮಾತ್ರ ಹೇಳುವುದಿಲ್ಲ. ಅವರ ದೆಸೆಯಿಂದ ಆಫೀಸಿಗೆ ತಡವಾಗಿ ಹೋಗಿ ಬೈಸಿಕೊಂಡವರು ಈಗಲೂ ಕೆಲವರು ಇದ್ದಾರು.

ಇದು ಐವತ್ತರ ದಶಕದ ಮಾತು. ನಾನು ಉಡುಪಿಯ ಕಡೆಯಿಂದ ಟ್ರಂಕು ಹೊತ್ತು ಬಂದು, ಫೋರ್ಟಿನ ಒಂದು ಹಡಗು ಕಂಪೆನಿಯಲ್ಲಿ ಲಕೋಟೆಗಳ ಮೇಲೆ ವಿಳಾಸ ಬರೆಯುವ ಕೆಲಸಕ್ಕೆ ಸೇರಿದ್ದೆ. ಮಾವ ಅದೇ ಕಂಪೆನಿಯ ಹಳೆಯ ಗುಮಾಸ್ತರು. ಮೇ ತಿಂಗಳ ಬೆವರಿನಲ್ಲೂ ಕಪ್ಪು ಉಣ್ಣೆಯ ಕೋಟು ತೊಡುವವರು. ಆಫೀಸಿಗೆ ಹೋಗುವ ಲೋಕಲ್ ರೈಲು ಪರೇಲ್ ದಾಟುವಾಗ ಗಿರಣಿಗಳ ಹೊಗೆ ಕಿಟಕಿಯವರೆಗೂ ಬರುತ್ತಿತ್ತು. ಉಳಿದವರು ಮೂಗು ಮುಚ್ಚಿಕೊಂಡರೆ ಮಾವ ಕೋಟಿನ ಕಾಲರು ಏರಿಸಿ, "ಇವತ್ತು ಮಂಜು ಜಾಸ್ತಿ ಉಂಟು" ಎನ್ನುತ್ತಿದ್ದರು. ಆ ಮಂಜಿನಲ್ಲಿ ಅವರಿಗೆ ಕುದುರೆಗಾಡಿಗಳು ಕಾಣಿಸುತ್ತಿದ್ದವು, ದೀಪದ ಕಂಬಗಳು ಕಾಣಿಸುತ್ತಿದ್ದವು. ಬೋರಿಬಂದರಿನಲ್ಲಿ ಇಳಿದ ಮೇಲೂ ಸ್ವಲ್ಪ ಹೊತ್ತು ಅವರ ಕಣ್ಣು ಅಲ್ಲೇ ಇರುತ್ತಿತ್ತು. ಎರಡು ಸಲ ಹಮಾಲಿಗೆ ಗುಡ್ ಮಾರ್ನಿಂಗ್ ಹೇಳಿದ್ದನ್ನು ನಾನೇ ನೋಡಿದ್ದೇನೆ.

ನಮ್ಮ ಕಂಪೆನಿಯ ಕೊನೆಯ ದೊರೆ ತನ್ನ ದೇಶಕ್ಕೆ ಹೊರಟಾಗ, ಕೋಣೆಯ ಸಾಮಾನೆಲ್ಲ ಬೇಕಾದವರು ಒಯ್ಯಿರಿ ಎಂದುಬಿಟ್ಟ. ಹೆಡ್ ಕ್ಲಾರ್ಕು ಮೇಜಿಗೆ ಕೈ ಹಾಕಿದರು. ಪ್ಯೂನು ಗೋಡೆಯ ಗಡಿಯಾರ ಇಳಿಸಿಕೊಂಡ. ಇನ್ನೊಬ್ಬರು ಕಿಟಕಿಯ ಪರದೆ ಬಿಚ್ಚಿಕೊಂಡು ಹೋಗಿ ಮಗಳ ಲಂಗ ಹೊಲಿಸಿದರು. ಮಾವ ಎರಡು ಪುಸ್ತಕ ಎದೆಗವಚಿಕೊಂಡು ಬಂದರು. ಎರಡೂ ವಿಕ್ಟೋರಿಯಾ ರಾಣಿಯ ಕಾಲದ ಕಾದಂಬರಿಗಳು. ಒಂದಕ್ಕೆ ಕೆಂಪು ರಟ್ಟು, ಇನ್ನೊಂದಕ್ಕೆ ಹಸಿರು. ತಲೆದಿಂಬಿಗೆ ಒಂದೊಂದೂ ಸಾಕು, ಅಷ್ಟು ದಪ್ಪ. ಅವುಗಳ ಹೆಸರು ಹೇಳಿದರೆ ಇಂಗ್ಲಿಷ್ ಪಂಡಿತರು ನನ್ನ ಮೇಲೆ ಜಗಳಕ್ಕೆ ಬರುತ್ತಾರೆ. ನಮ್ಮ ಮಟ್ಟಿಗೆ ಅವು ಕೆಂಪು ಮತ್ತು ಹಸಿರು, ಅಷ್ಟೆ.

ಆ ವರ್ಷ ಮಳೆಗಾಲಕ್ಕೆ ಮುಂಚೆ ಅತ್ತೆಗೆ ಕ್ಷಯ ಎಂದು ಗೊತ್ತಾಯಿತು. ಸಮುದ್ರದ ಗಾಳಿ ಬೀಸುವ ದೊಡ್ಡ ಆಸ್ಪತ್ರೆಯಲ್ಲಿ ಮಂಚ ಸಿಕ್ಕಿದ್ದೇ ಪುಣ್ಯ. ಒಂಬತ್ತು ತಿಂಗಳು ಇಲ್ಲೇ ಇರಬೇಕು, ನಡುವೆ ಎದ್ದು ಹೋಗಿ ಕಾಯಿಲೆ ಮತ್ತೆ ಬಂದರೆ ಆಮೇಲೆ ನನ್ನ ಕೈಯಲ್ಲಿ ಏನೂ ಇಲ್ಲ ಎಂದು ಡಾಕ್ಟರು ಮಾವನನ್ನು ಹೊರಗೆ ಕರೆದು ಹೇಳಿದರು. ಮೊದಲ ತಿಂಗಳಿಗೇ ಅತ್ತೆಯ ಕೆಮ್ಮು ನಿಂತಿತು. ಕೆಮ್ಮು ನಿಂತದ್ದೇ ತೊಂದರೆಯಾಯಿತು. ಭಾನುವಾರ ಸಂಜೆ ನಾಲ್ಕರಿಂದ ಆರರವರೆಗೆ ನಾವು ನೋಡಲು ಹೋದರೆ ಅತ್ತೆ ಸೀರೆಗಳನ್ನು ಗಂಟು ಕಟ್ಟಿ, ಮಂಚದ ಮೇಲೆ ಬಸ್ಸಿಗೆ ಕಾಯುವವರ ಹಾಗೆ ಕೂತಿರುತ್ತಿದ್ದರು.

"ನನಗೆ ಗುಣ ಆಗಿದೆ. ಇನ್ನು ಇಲ್ಲಿ ಕೂತು ಎಂತ ಮಾಡುದು, ಹೆಂಚು ಎಣಿಸುದಾ?"

"ಇನ್ನೊಂದು ವಾರ ತಡಿ ಮಾರಾಯ್ತಿ. ಬರುವ ವಾರ ಒಂದು ಒಳ್ಳೆ ಸಾಮಾನು ತರ್ತೇನೆ" ಎಂದು ಮಾವ ಗಂಟು ಬಿಚ್ಚುವರು. ಮುಂದಿನ ವಾರ ಮತ್ತೆ ಗಂಟು ಸಿದ್ಧ. ಮಾವ ತಂದ ಕಿತ್ತಳೆ, ಬಾಚಣಿಗೆ, ಕನ್ನಡಿ ಯಾವುದೂ ಅತ್ತೆಯನ್ನು ತಡೆಯುವ ಸಾಮಾನುಗಳಾಗಲಿಲ್ಲ.

ಒಂದು ಭಾನುವಾರ ಆಸ್ಪತ್ರೆಯಿಂದ ವಾಪಸು ಬರುವಾಗ ಮಾವನ ಕಣ್ಣು ಮಿಂಚಿತು. "ನಿನ್ನ ಅತ್ತೆಯನ್ನು ಡಾಕ್ಟ್ರಿಗೆ ಕೂರಿಸ್ಲಿಕ್ಕೆ ಆಗುದಿಲ್ಲ, ನನಗೆ ಆಗುದಿಲ್ಲ. ಕಥೆಗೆ ಆಗ್ತದೆ. ಊರಲ್ಲಿ ಒಳ್ಳೆ ಯಕ್ಷಗಾನದ ಆಟ ಇದ್ರೆ ಬೆಳಗಿನವರೆಗೆ ಗದ್ದೆಯಲ್ಲಿ ಕೂತವಳು ಕಾಲು ಸಹ ಮಡಚುದಿಲ್ಲ, ಗೊತ್ತುಂಟಾ?"

"ಹಾಗಾದರೆ ಒಂದು ಭಾರತವೋ ಭಾಗವತವೋ ಓದಿ ಹೇಳಿ" ಎಂದೆ.

"ಅದೆಲ್ಲ ಅವಳಿಗೆ ಬಾಯಿಪಾಠ. ಕೊನೆ ಗೊತ್ತಿದ್ದ ಕಥೆ ಯಾರನ್ನು ಕೂರಿಸ್ತದೆ? ಕೊನೆ ಗೊತ್ತಿಲ್ಲದ್ದು ಬೇಕು. ನನ್ನ ಹತ್ರ ಎರಡು ಉಂಟು, ಎರಡರ ಕೊನೆಯೂ ನನಗೇ ಗೊತ್ತಿಲ್ಲ. ಯಾವುದು ಹಿಡಿದು ಕೂರಿಸ್ತದೆ ಅಂತ ಮೊದಲು ತಿಳೀಬೇಕು. ತಪ್ಪಾದದ್ದು ತಕೊಂಡು ಹೋದ್ರೆ ಎರಡನೇ ವಾರವೇ ಎದ್ದು ಬರ್ತಾಳೆ."

"ನಿಮಗೆ ಯಾವುದು ಇಷ್ಟ?"

"ನನಗೆ ರೈಲ್ವೆ ಟೈಮ್‌ಟೇಬಲ್ಲೂ ಇಷ್ಟ ಮಾರಾಯ. ನನ್ನನ್ನು ನಂಬ್ಲಿಕ್ಕೆ ಆಗ್ತದಾ?"

ಹೀಗೆ ಒಬ್ಬ ಹೆಂಗಸಿನ ಜೀವ ಉಳಿಸುವ ಸಲುವಾಗಿ ಕೆಂಪಿಗೂ ಹಸಿರಿಗೂ ಪಂದ್ಯ ಶುರುವಾಯಿತು. ಎಲ್ಲಿ ಎನ್ನುತ್ತೀರಿ? ಕುರ್ಲಾದಿಂದ ಬೋರಿಬಂದರಿಗೆ ಹೋಗುವ ಲೋಕಲಿನ ಮೂರನೇ ದರ್ಜೆಯ ಡಬ್ಬಿಯಲ್ಲಿ! ನಾವು ದಿನವೂ ಹತ್ತುವ ಡಬ್ಬಿಯಲ್ಲಿ ಕನ್ನಡದವರ ಒಂದು ಮೂಲೆ ಇತ್ತು. ಎದುರಿಗೆ ಭಾಯ್ಖಳಾದಲ್ಲಿ ಇಳಿಯುವ ಧಾರವಾಡದ ರಾಯರು, ವಿಮೆ ಕಂಪೆನಿಯವರು. ಪಕ್ಕದಲ್ಲಿ ದಾದರಿನಲ್ಲಿ ಇಳಿಯುವ ಹೋಟೆಲಿನ ಶೆಟ್ಟರು. ಕಿಟಕಿಯ ಬಳಿ ಪರೇಲಿನ ಗಿರಣಿಗೆ ಹೋಗುವ ಒಬ್ಬ ಮರಾಠಿ ಕಾಕಾ. ಬೇರೆ ಡಬ್ಬಿಗಳಲ್ಲಿ ತಾಳ ಹಾಕಿ ಭಜನೆ ಮಾಡುತ್ತಿದ್ದರು, ಇಸ್ಪೀಟು ಆಡುತ್ತಿದ್ದರು. ನಮ್ಮದರಲ್ಲಿ ಮಾವ ಪುಸ್ತಕ ತೆರೆದು, ಇಂಗ್ಲಿಷನ್ನು ಮನಸ್ಸಿನಲ್ಲಿ ಓದಿ ಕನ್ನಡವನ್ನು ಬಾಯಲ್ಲಿ ಹೇಳತೊಡಗಿದರು. ಹರೆಯದಲ್ಲಿ ತಾಳಮದ್ದಳೆಯಲ್ಲಿ ಅರ್ಥ ಹೇಳಿದ ಗಂಟಲು ಅದು. ಗಾಲಿಗಳ ಸದ್ದು ಅದರ ಮುಂದೆ ಏನೂ ಅಲ್ಲ.

ನಿಯಮ ಸರಳವಾಗಿತ್ತು. ಬೆಳಿಗ್ಗೆ ಒಂದು ಪುಸ್ತಕ, ಸಂಜೆ ಇನ್ನೊಂದು. ವಾರಕ್ಕೊಮ್ಮೆ ಅದಲು ಬದಲು. ಕಥೆ ಕೇಳುತ್ತ ಯಾರಾದರೂ ಇಳಿಯುವ ಸ್ಟೇಷನ್ ಮರೆತರೆ ಆ ಪುಸ್ತಕಕ್ಕೆ ಒಂದು ಅಂಕ. ಅಂಕಕ್ಕೆ ಒಂದೊಂದು ಹುಣಿಸೆ ಬೀಜ, ಕೆಂಪಿನದು ಕೋಟಿನ ಎಡ ಜೇಬಿಗೆ, ಹಸಿರಿನದು ಬಲ ಜೇಬಿಗೆ. ನಿದ್ದೆಯಿಂದ ತಪ್ಪಿದ್ದು ಲೆಕ್ಕಕ್ಕಿಲ್ಲ. ನಾವಿಬ್ಬರೂ ಕೊನೆಯ ಸ್ಟೇಷನ್ನಿನವರಾದ್ದರಿಂದ ನಮ್ಮನ್ನು ನಾವೇ ಹೊರಗಿಟ್ಟುಕೊಂಡೆವು. ಇನ್ನೂ ಒಂದು ನಿಯಮವನ್ನು ಮಾವ ತಮಗೆ ತಾವೇ ಹಾಕಿಕೊಂಡಿದ್ದರು: ಮುಂದಿನ ಪುಟಗಳನ್ನು ಮೊದಲೇ ಓದುವಂತಿಲ್ಲ. ಕೊನೆ ತಿಳಿದವನ ದನಿಯಲ್ಲಿ ಕೇಳುವವರಿಗೆ ಅದು ಗೊತ್ತಾಗಿಬಿಡುತ್ತದೆ ಎಂದು ಅವರ ವಾದ.

ಕೆಂಪು ಪುಸ್ತಕದಲ್ಲಿ ಒಂದು ದೊಡ್ಡ ಬಂಗಲೆ, ಕಳೆದುಹೋದ ಒಂದು ಉಯಿಲು, ಹಡಗಿನಿಂದ ಗಡ್ಡ ಬೆಳೆಸಿಕೊಂಡು ವಾಪಸಾದ ಒಬ್ಬ ವಾರಸುದಾರ. ಹಸಿರಿನಲ್ಲಿ ಒಬ್ಬ ಬಡ ಪಾದ್ರಿಯ ಮಗಳು. ಅವಳು ಸಮುದ್ರದಂಡೆಯ ಊರೊಂದಕ್ಕೆ ಲೇಸು ಹೆಣೆಯುವ ಕೆಲಸಕ್ಕೆ ಹೋಗುತ್ತಾಳೆ. ಅಲ್ಲಿ ಅವಳಿಗೊಬ್ಬ ಹಡಗಿನ ಡಾಕ್ಟರು ಇಷ್ಟವಾಗುತ್ತಾನೆ. ಅವನು ಬರೆದ ಕಾಗದಗಳು ಅವಳಿಗೆ ತಲುಪುವುದಿಲ್ಲ. ಹೇಳಿದರೆ ಇಷ್ಟೇ. ಆದರೆ ಮಾವ ಹೇಳುವಾಗ ಆ ಇಂಗ್ಲಿಷಿನವರೆಲ್ಲ ನಮ್ಮೂರ ಕಡೆಯ ಬ್ರಹ್ಮಾವರದ ಆಚೆ ಈಚೆಯವರೇ ಆಗಿಬಿಡುತ್ತಿದ್ದರು.

"ಹುಡುಗಿ ಒದ್ದೆಯಾಗಿ ಬಂದ್ಲು. ಬಚ್ಚಲ ಒಲೆಯ ಹತ್ರ ಕೂತು ಕೈ ಕಾಯಿಸಿದ್ಲು..."

"ಅಲ್ರೀ, ಇಂಗ್ಲೆಂಡಿನೊಳಗ ಬಚ್ಚಲ ಒಲಿ ಎಲ್ಲಿಂದ ಬಂತ್ರಿ?" ರಾಯರು ತಡೆದರು.

"ಚಳಿ ಉಂಟಲ್ಲ ರಾಯರೇ. ಚಳಿ ಇದ್ದಲ್ಲಿ ಒಲೆ ಬೇಡವಾ?"

ರಾಯರು ಸ್ವಲ್ಪ ಯೋಚಿಸಿ, "ಖರೆ ಅದ, ಮುಂದ ಹೇಳ್ರಿ" ಎಂದರು. ಆ ಹೊತ್ತಿಗೆ ಭಾಯ್ಖಳಾ ಹಿಂದೆ ಉಳಿದಿತ್ತು. ಹಸಿರಿಗೆ ಮೊದಲ ಬೀಜ ಅವರದೇ. ಮರುದಿನ ರಾಯರು ತಮ್ಮ ಸಾಹೇಬರಿಂದ ಬೈಸಿಕೊಂಡು ಬಂದು, ಬೆಳಗಿನ ತಪ್ಪಿಗೆ ಎರಡು ಬೀಜ, ಸಂಜೆಯದಕ್ಕೆ ಒಂದು ಎಂದು ತಿದ್ದುಪಡಿ ತಂದರು. ಸಂಜೆ ಮನೆಗೆ ತಡವಾಗಿ ಹೋಗಲು ಗಂಡಸರಿಗೆ ಕಾದಂಬರಿಯೇ ಆಗಬೇಕೆಂದಿಲ್ಲ ಎಂಬುದು ಅವರ ಅನುಭವವಂತೆ.

ಎಲ್ಲಕ್ಕಿಂತ ದೊಡ್ಡ ವಿವಾದ ಎದ್ದದ್ದು ಕಾಕಾನ ವಿಷಯದಲ್ಲಿ. ಅವರಿಗೆ ಕನ್ನಡದ ಗಂಧವಿಲ್ಲ. ಆದರೂ ಒಂದು ಬೆಳಿಗ್ಗೆ ಹಸಿರು ನಡೆಯುತ್ತಿದ್ದಾಗ ಪರೇಲ್ ಬಂತು, ಹೋಯಿತು. ಕಾಕಾ ಬಾಯಿ ತೆರೆದು ಮಾವನನ್ನೇ ನೋಡುತ್ತಿದ್ದರು. ಅರ್ಥವಾಗದವನು ಮರೆತರೆ ಅದು ಅಂಕ ಹೇಗಾಗುತ್ತದೆ ಎಂದು ಶೆಟ್ಟರು ಕೇಳಿದರು. ನಾನು ಅರ್ಧ ಬೀಜ ಕೊಡೋಣ ಎಂದೆ. ಅಷ್ಟರಲ್ಲಿ ಕಾಕಾ ಮಾವನ ಕೋಟಿನ ತೋಳು ಹಿಡಿದು ಮೆಲ್ಲಗೆ, "ಪುಢೇ ಕಾಯ್ ಝಾಲಂ?" ಎಂದು ಕೇಳಿಬಿಟ್ಟರು. ಮುಂದೇನಾಯಿತೆಂದು ಕೇಳಿದ ಮೇಲೆ ವಾದವೇನು? ಮಾವ ಎರಡು ಬೀಜ ಇಡಿಯಾಗಿ ಬಲ ಜೇಬಿಗೆ ಹಾಕಿದರು.

ನನ್ನ ಗತಿಯೂ ಸರಿ ಇರಲಿಲ್ಲ ಎನ್ನಿ. ಆಫೀಸಿನಲ್ಲಿ ಲಕೋಟೆ ಎದುರಿಗಿಟ್ಟುಕೊಂಡರೆ ಕಿಟಕಿಯಾಚೆ ಮಳೆ ಬೀಳುತ್ತಿತ್ತು. ಆ ಮಳೆಯೊಳಗೆ ಪಾದ್ರಿಯ ಮಗಳು ಕಲ್ಲುಹಾಸಿನ ಮೇಲೆ ಒಬ್ಬಳೇ ನಡೆದು ಹೋಗುತ್ತಿದ್ದಳು. ಬಂದರಿನಲ್ಲಿ ಹಡಗು ಕೂಗಿದರೆ ಡಾಕ್ಟರು ಬಂದನೋ ಏನೋ ಎಂದು ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಒಂದು ದಿನ ಹೆಡ್ ಕ್ಲಾರ್ಕು ಒಂದು ಲಕೋಟೆ ಹಿಡಿದು ಬಂದು, ಈ ಊರು ಯಾವ ಜಿಲ್ಲೆಯಲ್ಲಿದೆ ಎಂದು ಕೇಳಿದರು. ನೋಡಿದರೆ ಕಂಪೆನಿಯ ಪತ್ರಕ್ಕೆ ನಾನು ಅವಳ ಊರಿನ ವಿಳಾಸ ಬರೆದಿದ್ದೆ. ಅವಳಿಗೆ ಒಂದಾದರೂ ಕಾಗದ ತಲುಪಲಿ ಎಂದು ನನ್ನ ಕೈಗೆ ಅನ್ನಿಸಿತ್ತೋ ಏನೋ.

ಜುಲೈ ಮುಗಿಯುವಾಗ ಮಾವನ ಕೋಟು ಬಲಕ್ಕೆ ಜೋತುಬಿದ್ದಿತ್ತು. ಕೆಂಪು ಪುಸ್ತಕಕ್ಕೂ ಬೀಜಗಳು ಬಂದಿದ್ದವು. ಉಯಿಲು ಸಿಗುವ ದಿನ ಶೆಟ್ಟರು ದಾದರ್ ಮರೆತದ್ದು ಸಣ್ಣ ಮಾತಲ್ಲ. ಆದರೆ ರಾಯರು ತೀರ್ಪು ಕೊಟ್ಟರು: "ಕೆಂಪು ಛಲೋ ಅದ, ಇಲ್ಲ ಅನ್ನಂಗಿಲ್ಲ. ಆದ್ರ ಅದು ತಲಿಯೊಳಗ ಉಳೀತದ. ಹಸಿರಿಂದು ಎದಿಯೊಳಗ ಕೂಡ್ತದ." ಅಂದಿನಿಂದ ರೈಲಿನಲ್ಲಿ ಎರಡು ಹೊತ್ತೂ ಹಸಿರೇ ನಡೆಯಿತು. ಭಾನುವಾರ ಆಸ್ಪತ್ರೆಗೂ ಅದೇ ಹೊರಟಿತು, ಮೊದಲ ಪುಟದಿಂದ.

ಅತ್ತೆ ಮೊದಲ ದಿನ ಮುಖ ಊದಿಸಿಕೊಂಡೇ ಕೇಳಿದರು. ಎರಡನೆಯ ವಾರ, "ಆ ಅಂಚೆಯವನಿಗೆ ಎಂತ ರೋಗ, ಕಾಗದ ಕೊಡ್ಲಿಕ್ಕೆ?" ಎಂದು ಸಿಟ್ಟಾದರು. ಮೂರನೆಯ ವಾರ ನಾವು ಹೋದಾಗ ಮಂಚದ ಮೇಲೆ ಗಂಟು ಇರಲಿಲ್ಲ. ಅದರ ಬದಲು ವಾರ್ಡಿನ ಏಳೆಂಟು ಹೆಂಗಸರು ಸುತ್ತ ಕೂತಿದ್ದರು. ಮಾವ ಕನ್ನಡದಲ್ಲಿ ಹೇಳಿದ್ದನ್ನು ಅತ್ತೆ ತಮ್ಮ ಮುರುಕು ಮರಾಠಿಯಲ್ಲಿ ಅವರಿಗೆ ದಾಟಿಸುತ್ತಿದ್ದರು. ಸಂಜೆಯ ಬಿಸಿಲು ಉದ್ದನೆಯ ವಾರ್ಡಿನಲ್ಲಿ ಮಂಚದಿಂದ ಮಂಚಕ್ಕೆ ಸರಿಯುತ್ತಿತ್ತು, ಸಮುದ್ರದ ಗಾಳಿಗೆ ಪುಸ್ತಕದ ಹಾಳೆಗಳು ಅಲುಗುತ್ತಿದ್ದವು. ಕಾಯಿಲೆಯ ಮನೆಯಲ್ಲಿ ಕೂತಿದ್ದೇವೆಂಬುದು ಯಾರಿಗೂ ನೆನಪಿರಲಿಲ್ಲ. ನನಗಂತೂ ಆ ಎರಡು ಗಂಟೆ ಬೇಗ ಮುಗಿಯದಿರಲಿ ಅನ್ನಿಸುತ್ತಿತ್ತು.

ರೈಲಿನ ಕಥೆ ಆಸ್ಪತ್ರೆಯ ಕಥೆಗಿಂತ ತುಂಬ ಮುಂದಿತ್ತಲ್ಲ. ಸೆಪ್ಟೆಂಬರಿನ ಒಂದು ಬೆಳಿಗ್ಗೆ ರೈಲು ಮಾಟುಂಗಾ ಬಿಟ್ಟಾಗ ಮಾವ ಒಂದು ಪುಟ ಮಗುಚಿದರು. ಬಾಯಿ ತೆರೆದರು. ಮುಚ್ಚಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಹೇಳ್ರಿ, ಹುಡುಗಿಗೆ ಏನಾತು?" ಎಂದರು ರಾಯರು.

"ಕೆಮ್ಮಿದ್ಲು" ಎಂದರು ಮಾವ. "ಕರವಸ್ತ್ರದಲ್ಲಿ ರಕ್ತ."

ಆ ದಿನ ಎಲ್ಲರೂ ತಮ್ಮ ತಮ್ಮ ಸ್ಟೇಷನ್ನಿನಲ್ಲಿ ಸರಿಯಾಗಿ ಇಳಿದರು. ಮಾವ ಆಫೀಸಿನಲ್ಲಿ ಫೈಲಿನ ಅಡಿಯಲ್ಲಿ ಪುಸ್ತಕವಿಟ್ಟು ತಮ್ಮ ನಿಯಮ ತಾವೇ ಮುರಿದು ಕೊನೆಯವರೆಗೆ ಓದಿದರು. ಪಾದ್ರಿಯ ಮಗಳು ಕ್ಷಯದಿಂದ ಸಾಯುತ್ತಾಳೆ. ಡಾಕ್ಟರು ಒಂದು ದಿನ ತಡವಾಗಿ ಬರುತ್ತಾನೆ. ಗೋರಿಯ ಮೇಲೆ ಮಳೆ ಬೀಳುತ್ತದೆ, ಪುಸ್ತಕ ಮುಗಿಯುತ್ತದೆ. ಹುಡುಗಿಯರಿಗೆ ಕ್ಷಯ ಬರಿಸದೆ ಕಾದಂಬರಿ ಮುಗಿಸಲು ಆ ಕಾಲದ ಇಂಗ್ಲಿಷಿನವರಿಗೆ ಬರುತ್ತಲೇ ಇರಲಿಲ್ಲವೇ? ಊರೂರಿನ ಸಂತೆಯಲ್ಲಿ ಆರಿಸಿದಂತೆ ಆರಿಸಿ ಆರಿಸಿ, ಮಾವ ಕ್ಷಯದ ಆಸ್ಪತ್ರೆಗೆ ಇಂಥ ಪುಸ್ತಕವನ್ನೇ ಒಯ್ದಿದ್ದರು!

"ಇನ್ನು ಎಂತ ಮಾಡುದು?" ಮಾವ ಸಂಜೆ ರೈಲಿನಲ್ಲಿ ಕೈಚೆಲ್ಲಿ ಕೂತರು. "ನಿಲ್ಲಿಸಿದ್ರೆ ಇವಳು ಎದ್ದು ಮನೆಗೆ ಬರ್ತಾಳೆ. ಓದಿದ್ರೆ, ಆ ಹುಡುಗಿ ಸತ್ತದ್ದನ್ನು ಕೇಳಿ ಇವಳು..." ಅವರ ಕಣ್ಣು ತುಂಬಿದ್ದನ್ನು ನಾನು ಆವರೆಗೆ ನೋಡಿರಲಿಲ್ಲ. ನಾನು ಅವರ ಕಡೆ ನೋಡಲಾರದೆ ಕಿಟಕಿಯ ಕಡೆ ತಿರುಗಿದೆ.

ದಾರಿ ತೋರಿಸಿದವರು ರಾಯರು. ಅವರ ತಂದೆ ಧಾರವಾಡದಲ್ಲಿ ಮನೆ ಮನೆಗೆ ಹೋಗಿ ಪುರಾಣ ಓದುತ್ತಿದ್ದವರಂತೆ. "ಅಶುಭದೊಳಗ ಪುಸ್ತಕ ಮುಚ್ಚೂ ಪದ್ಧತಿ ನಮ್ಮಲ್ಲಿ ಇಲ್ರಿ. ರಾಮಾಯಣ ಓದಲಿಕ್ಕೆ ಕೂತ್ರ ಪಟ್ಟಾಭಿಷೇಕ ಆಗೂತನಕ ಓದಬೇಕು. ಆಮ್ಯಾಲೆ ಮಂಗಳಾರತಿ. ಪುಸ್ತಕ ಬರದವಗ ಆ ಪದ್ಧತಿ ಗೊತ್ತಿರಲಿಲ್ಲ. ನಮಗ ಗೊತ್ತದ. ನಾವು ಮುಗಸೋಣು."

ಮರುದಿನದಿಂದ ಡಬ್ಬಿಯಲ್ಲಿ ಕಥೆ ಹೇಳುವುದು ನಿಂತು ಕಥೆ ಕಟ್ಟುವುದು ಶುರುವಾಯಿತು. ಶೆಟ್ಟರು ಹುಡುಗಿಗೆ ದಿನಕ್ಕೆ ಮೂರು ಹೊತ್ತು ಕುಚ್ಚಲಕ್ಕಿ ಗಂಜಿ ಗೊತ್ತು ಮಾಡಿದರು. ನಾನು ಡಾಕ್ಟರನ ಹಡಗನ್ನು ಒಂದು ತಿಂಗಳು ಮೊದಲೇ ದಡಕ್ಕೆ ತಂದೆ. ಹಡಗು ಕಂಪೆನಿಯವನಿಗೆ ಅಷ್ಟೂ ಆಗದಿದ್ದರೆ ಹೇಗೆ? ಕಾಕಾ ವಿಷಯ ತಿಳಿದು, ತಮ್ಮ ತಂಗಿಗೆ ಗುಣವಾದದ್ದು ಸೂಜಿಮದ್ದಿನಿಂದ, ಅದನ್ನೇ ಕೊಡಿಸಿ ಎಂದು ತೋಳು ತೋರಿಸಿ ಹೇಳಿದರು.

"ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಈ ಸೂಜಿಮದ್ದು ಎಲ್ಲಿತ್ತು?" ಎಂದು ಮಾವ ಅಡ್ಡಬಂದರು.

"ಹುಡುಗಿ ಉಳೀಬೇಕೋ, ಇತಿಹಾಸ ಉಳೀಬೇಕೋ? ಒಂದು ಹೇಳ್ರಿ" ಎಂದರು ರಾಯರು.

ಸೂಜಿಮದ್ದು ಕೊಟ್ಟಾಯಿತು. ಆ ವಾರ ಡಬ್ಬಿಯಲ್ಲಿ ಯಾರೂ ಸರಿಯಾದ ಸ್ಟೇಷನ್ನಿನಲ್ಲಿ ಇಳಿಯಲಿಲ್ಲ. ಬೀಜ ಯಾವ ಜೇಬಿಗೆ ಹಾಕುವುದೆಂದು ಯಾರೂ ಕೇಳಲೂ ಇಲ್ಲ.

ಅಕ್ಟೋಬರಿನ ಒಂದು ಭಾನುವಾರ ಆಸ್ಪತ್ರೆಯ ಕಥೆಯೂ ಆ ಜಾಗಕ್ಕೆ ಬಂತು. ಹುಡುಗಿ ಕೆಮ್ಮಿದಳೆಂದಾಗ ವಾರ್ಡಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಾವ ನಿಲ್ಲಿಸಲಿಲ್ಲ. ಪುಸ್ತಕವನ್ನು ಮುಖದ ಹತ್ತಿರ ಹಿಡಿದು ಹೇಳುತ್ತ ಹೋದರು. ಹಡಗು ಬಂತು. ಗಂಜಿ ಬಂತು. ಡಾಕ್ಟರು ಹಾಸಿಗೆಯ ಪಕ್ಕ ಕೂತು, ಒಂಬತ್ತು ತಿಂಗಳು ಏಳಬಾರದು ಎಂದು ಅವಳ ಕೈ ಹಿಡಿದು ಹೇಳಿದ. ಅವಳು ಏಳಲಿಲ್ಲ. ಒಂದು ಬೆಳಿಗ್ಗೆ ಕಿಟಕಿ ತೆರೆದಾಗ ಸಮುದ್ರ ಕಂಡಿತು, ಅವಳಿಗೆ ಹಸಿವಾಯಿತು. ಚರ್ಚಿನಲ್ಲಿ ಮದುವೆ. ನಮ್ಮ ಮಾವ ಅಲ್ಲಿ ಪಂಚವಾದ್ಯವನ್ನೂ ಮೊಳಗಿಸಿದರು. ಮೂಲೆಯ ಮಂಚದ ಮುದುಕಿ ಕೈಯೆತ್ತಿ ದೇವರಿಗೆ ಮುಗಿದಳು. ಮಾವ ಪುಸ್ತಕ ಮುಚ್ಚಿ, ಗಂಟಲು ಒಣಗಿದೆ ಎಂದು ನೀರಿನ ನಲ್ಲಿಯ ಕಡೆ ನಡೆದರು.

ಅತ್ತೆ ನನ್ನನ್ನು ಹತ್ತಿರ ಕರೆದರು.

"ಆ ಹುಡುಗಿ ಪುಸ್ತಕದಲ್ಲಿ ಸತ್ತಿದ್ದಾಳೆ, ಅಲ್ವಾ?"

"ಇಲ್ಲ ಅತ್ತೆ. ಯಾರು ಹೇಳಿದ್ದು?"

"ಯಾರು ಹೇಳ್ಬೇಕು? ನಿನ್ನ ಮಾವ ಒಂದೂವರೆ ಗಂಟೆ ಓದಿದ್ರು. ಒಂದು ಪುಟ ಮಗುಚ್ಲಿಲ್ಲ."

ಅತ್ತೆ ಬಾಗಿಲಿನ ಕಡೆ ನೋಡುತ್ತಿದ್ದರು. ದೂರದಲ್ಲಿ ಮಾವ ನಲ್ಲಿಯ ಮುಂದೆ ನಿಂತು, ನೀರು ಕುಡಿಯದೆ, ಕೋಟಿನ ತೋಳಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

"ಪಾಪ, ಅವಳನ್ನು ಬದುಕಿಸ್ಲಿಕ್ಕೆ ಎಷ್ಟು ಒದ್ದಾಡಿದ್ರು" ಎಂದರು ಅತ್ತೆ. "ನನಗೆ ಗೊತ್ತಾಯ್ತು ಅಂತ ಅವರಿಗೆ ಹೇಳ್ಬೇಡ. ಬರುವ ಭಾನುವಾರ ಆ ಇನ್ನೊಂದು ಪುಸ್ತಕ ತರ್ಲಿಕ್ಕೆ ಹೇಳು. ಇನ್ನೂ ನಾಲ್ಕು ತಿಂಗಳು ಉಂಟಲ್ಲ, ನಾನು ಇಲ್ಲೇ ಇರ್ತೇನೆ."